ಕೊನೆಯ ತೂಬಿನ ಸರದಿ

ಹುಣಸೇಕೊಪ್ಪಲು, ನಾಗಮಂಗಲ ತಾಲ್ಲೂಕು
13 ಆಗಸ್ಟ್ 1995

ಬೈರಕ್ಕನಿಗೆ ತಂಗಿ ಪುಟ್ಟಗೌರಮ್ಮ ಬರೆಯೋದು.

ಭಾವ, ಮಗಳು ದಿವ್ಯ, ನೀನು ಹೇಗಿದ್ದೀರಿ? ದಿವ್ಯ ಕಿಕ್ಕೇರಿ ಹೈಸ್ಕೂಲಿಗೆ ಸೇರಿದ್ಲು ಅಂತ ಕೇಳಿ ಸಂತೋಷ ಆಯ್ತು. ನಾವೂ ಚೆನ್ನಾಗಿದ್ದೀವಿ ಅಂತ ಬರೀಬೇಕು. ಆದ್ರೆ ಸುತ್ತಿ ಬಳಸಿ ಬರೆಯೋಕೆ ನನಗೆ ಬರಲ್ಲ ಅಂತ ನಿನಗೇ ಗೊತ್ತು. ನೀರು ಬಂದಿಲ್ಲ ಅಕ್ಕ.

ನಿಮ್ಮೂರ ತೂಬಿಂದ ನಾಲೆ ಬಿಟ್ಟು ಹದಿನೆಂಟು ದಿನ ಆಯ್ತಂತೆ. ಹನ್ನೊಂದು ಊರು ದಾಟಿ ನಮ್ಮೂರಿಗೆ ಬರೋ ಹೊತ್ತಿಗೆ ನಾಲೆ ತಳದಲ್ಲಿ ಕಪ್ಪೆ ಮುಳುಗೋಕೂ ನೀರಿರಲ್ಲ. ಭತ್ತದ ಸಸಿಗೆ ಒಟ್ಲು ಹಾಕಿ ತಿಂಗಳಾಗ್ತಾ ಬಂತು. ಪೈರಿನ ತುದಿ ಕೆಂಪಗಾಗ್ತಿದೆ. ಬೆಳಗ್ಗೆ ಹತ್ತು ಕೊಡ, ಸಂಜೆ ಹತ್ತು ಕೊಡ ಬೋರ್‌ವೆಲ್ಲಿಂದ ಹೊತ್ತು ಒಟ್ಲಿಗೆ ಹುಯ್ತಾ ಇದ್ದೀನಿ. ಪೈರು ಸಾಯದೆ ಇರೋಕೆ ಇಷ್ಟು ಸಾಕು, ನಾಟಿ ಮಾಡೋಕೆ ಗದ್ದೆ ತುಂಬಬೇಕಲ್ಲ.

ಬೋರ್‌ವೆಲ್ ಹತ್ರ ಹೋದ್ರೆ ಹೆಂಗಸರು ಬಿಡಲ್ಲ. "ಏನವ್ವ ಗೌರಿ, ತೂಬಿನ ಬೀಗದ ಕೈ ನಿಮ್ ಭಾವನ ಉಡಿದಾರದಲ್ಲೇ ಅದಂತೆ? ಒಂದ್ ಮಾತು ಕೇಳಕಾಗಲ್ವಾ ನಿಂಗೆ?" ಅಂತಾರೆ. ಮೊದಮೊದಲು ನಗಾಡ್ತಾ ಅಂತಿದ್ರು. ಈಗ ನಗಲ್ಲ. ನಮ್ಮತ್ತೆ ಚಿಕ್ಕಬೋರಮ್ಮ ಅಂತೂ, "ನಾಲೆ ಮೇಲಿನೋರ ಮನೆ ಎಣ್ಣು ತಂದ್ರೆ ನೀರಿಗೆ ತೊಂದ್ರೆ ಇಲ್ಲ ಅನ್ಕಂಡಿದ್ದೆ ಕಣವ್ವ" ಅಂತ ಬಂದೋರ ಎದುರಿಗೇ ಅಂದ್ಬಿಟ್ರು.

ನಮ್ಮೋರು ಬರೀಬೇಡ ಅಂದ್ರು. "ನರಸಯ್ಯಣ್ಣನ್ನ ಯಾಕೆ ಇಕ್ಕಟ್ಟಿಗೆ ಸಿಕ್ಕಿಸ್ತೀಯ? ನಮ್ಮಿಬ್ರ ಮದ್ವೆಗೆ ಎರಡ್ ಕಡೆಗೂ ಓಡಾಡ್ದೋನೇ ಅವ್ನು" ಅಂದ್ರು. ಅವರಿಗೆ ತಿಳಿಯದ ಹಾಗೆ ಬರೀತಿದ್ದೀನಿ. ಮೇಲಿನ ಊರುಗಳೋರು ಕಬ್ಬಿಗೆ ನಿಲ್ಲಿಸಿಕೊಳ್ಳೋ ನೀರಲ್ಲಿ ಎರಡು ದಿನದ್ದು ನಮಗೆ ಬಿಡಿಸೋಕೆ ಭಾವನಿಂದ ಆಗುತ್ತಾ ಕೇಳು. ಆಗಲ್ಲ ಅಂದ್ರೆ ಆಗಲ್ಲ ಅಂತಲೇ ಬರಿ. ಊರಿಗೆ ಒಂದು ಉತ್ತರ ಹೇಳ್ಬೇಕು.

ನಿನ್ನ ತಂಗಿ,
ಪುಟ್ಟಿ


ಹೊಸಕಟ್ಟೆ, ಕಿಕ್ಕೇರಿ ಹೋಬಳಿ
27 ಆಗಸ್ಟ್ 1995

ಪುಟ್ಟಿ,

ನಿನ್ನ ಕಾಗದ ಅವರಿಗೆ ಓದಿ ಹೇಳಿದೆ. ಮುದ್ದೆ ಮುರೀತಾ ಕೂತಿದ್ರು. ಕೈ ನಿಂತೋಯ್ತು. ಕೈ ತೊಳೆದು ಬಂದು ಆಮೇಲೆ ಮಾತಾಡಿದ್ರು. ಅವರು ಹೇಳಿದ ಹಾಗೇ ಬರೀತೀನಿ.

"ಸಾಹೇಬ್ರು ಚೀಟಿಲಿ ಏನ್ ಬರ್ಕೊಡ್ತಾರೋ ಅಂಗೆ ಎತ್ತದು, ಅಂಗೆ ಇಳಿಸದು ಕಣ್ ಬೈರಿ. ಗೌರಿಗೆ ಅಂತ ಒಂದಿನ ಎತ್ತುದ್ರೆ ನಾಳೆ ಒಂದೊಂದು ಊರಲ್ಲೂ ಒಬ್ಬೊಬ್ಬ ಗೌರಿ ಉಟ್ಕತಾಳೆ. ಆಗ ಯಾವ ಮೊಕ ಇಟ್ಕಂಡು ಇಲ್ಲ ಅನ್ಲಿ?"

ನನಗೆ ಕೋಪ ಬಂತು. ಒಂದೊಂದು ಊರಿನ ಗೌರಿ ಬೇರೆ, ನನ್ನ ತಂಗಿ ಬೇರೆ ಅಂದೆ. ಟವಲ್ಲು ಹೆಗಲಿಗೆ ಹಾಕ್ಕೊಂಡು ಹೊರಟೇಬಿಟ್ರು. ಮೂರು ದಿನ ನಾಲೆ ಏರಿ ಮೇಲೆ ನಡೆದಿದ್ದಾರೆ. ಕಬ್ಬಿನ ಗದ್ದೆಯೋರು ಏರಿ ಕೊರೆದು ಕದ್ದು ಹಾಕ್ಕೊಂಡಿದ್ದ ಏಳು ಪೈಪು ಕಿತ್ತು ಹಾಕಿದ್ದಾರೆ. ನಾಲ್ಕನೇ ಊರಲ್ಲಿ ಯಾರೋ ಎದೆಪಟ್ಟಿ ಹಿಡಿದ್ರಂತೆ. ಶರಟು ಹರ್ಕೊಂಡು ಬಂದ್ರು. ಕೇಳಿದ್ರೆ ಲಂಟಾನ ಬೇಲಿ ತರಚ್ತು ಅಂತಾರೆ.

ನೀರಾವರಿ ಸಾಹೇಬ್ರ ಹತ್ರ ಹೋಗಿ ಕಾಡಿ ಬೇಡಿ ಒಂದು ಮಾತು ತಂದಿದ್ದಾರೆ. ಇನ್ನು ಮೇಲೆ ಕಟ್ಟು ನೀರು. ಅಂದ್ರೆ ಊರೂರಿಗೆ ದಿನ ಕಟ್ಟಿ ಕೊಡ್ತಾರೆ, ಒಂದೂರಿನ ಸರದೀಲಿ ಇನ್ನೊಂದೂರು ಮುಟ್ಟೋ ಹಾಗಿಲ್ಲ. ಸರದಿ ಕೊನೆಯಿಂದ ಶುರು, ಮೊದಲು ನಿಮ್ಮೂರು. ಸೆಪ್ಟೆಂಬರ್ ಐದು, ಮಂಗಳವಾರ ಬೆಳಗ್ಗೆ ಆರಕ್ಕೆ ತೂಬು ಎತ್ತಿದ್ರೆ ಗುರುವಾರ ಆರಕ್ಕೇ ಇಳಿಸೋದು. ಎರಡು ವಾರ ಬಿಟ್ಟು ಮತ್ತೆ ಹತ್ತೊಂಬತ್ತಕ್ಕೆ ನಿಮ್ಮದೇ. ನಿಮ್ಮೂರಿಗೆ ಈ ಉತ್ತರ ಹೇಳು.

ಹದಿನಾಲ್ಕು ವರ್ಷದಿಂದ ದಿನಗೂಲಿ ಮೇಲೇ ದುಡೀತಿರೋ ಮನುಷ್ಯ ಪುಟ್ಟಿ. ಅವರ ಕೈಲಿ ಆಗೋದು ಮಾಡ್ತಿದ್ದಾರೆ. ನಿಮ್ಮತ್ತೆ ಮಾತು ಮನಸಿಗೆ ಹಚ್ಕೋಬೇಡ.

ನಿನ್ನ ಅಕ್ಕ,
ಬೈರಮ್ಮ


ಹುಣಸೇಕೊಪ್ಪಲು
15 ಸೆಪ್ಟೆಂಬರ್ 1995, ಶುಕ್ರವಾರ

ಅಕ್ಕ,

ಈ ಕಾಗದ ಸಿಕ್ಕಿದ ತಕ್ಷಣ ಓದು.

ಐದನೇ ತಾರೀಕು ಊರಿಗೆ ಊರೇ ನಾಲೆ ಏರಿ ಮೇಲೆ ಕೂತಿತ್ತು. ನಮ್ಮತ್ತೆ ಅರಿಶಿನ ಕುಂಕುಮ ತಂದಿದ್ರು. ಮಧ್ಯಾಹ್ನದ ಮೇಲೆ ನೀರು ಬಂತು. ಪಾದ ಮುಳುಗೋವಷ್ಟು. ಅರ್ಧ ದಿನ ಹರೀತು, ನಿಂತೋಯ್ತು. ಭಾವ ಎತ್ತಿದ್ದಾರೆ, ದಾರೀಲಿ ಕದ್ದಿದ್ದಾರೆ, ಅದು ನನಗೆ ಗೊತ್ತು. ಆದ್ರೆ ಇಲ್ಲಿ ಯಾರೂ ಹಾಗನ್ನಲ್ಲ. ನರಸಯ್ಯ ಮೇಲಿನೋರ ಕಡೆಗೆ ವಾಲವ್ನೆ ಅಂತಾರೆ. ನಾನು ಏನಾದ್ರೂ ಅಂದ್ರೆ, ನಿನ್ನ ಭಾವ ಅಲ್ವಾ ಅಂತ ಬಾಯಿ ಮುಚ್ಚಿಸ್ತಾರೆ.

ನಿನ್ನೆ ಪಂಚಾಯ್ತಿ ಕಟ್ಟೇಲಿ ಸೇರಿದ್ರು. ಹತ್ತೊಂಬತ್ತರವರೆಗೆ ಕಾಯಲ್ಲ, ಸೋಮವಾರವೇ ಹೋಗಿ ತೂಬು ನಾವೇ ಎತ್ತೋದು ಅಂತ ತೀರ್ಮಾನ ಆಗಿದೆ. ಆರು ಜನ ಹೋಗ್ತಾರೆ. ನಮ್ಮೋರು ಬರಲ್ಲ ಅಂದ್ರು. "ಷಡ್ಡಕನ ಮೇಲೆ ಅಷ್ಟು ಪಿರೂತಿ ಇದ್ರೆ ಅವನೂರಿಗೇ ಓಗಿ ಇರು" ಅಂತ ಸೇರಿದ್ದೋರು ಅಂದ್ಬಿಟ್ರು. ಅದಕ್ಕೆ ನಮ್ಮೋರೂ ಹೊರಟಿದ್ದಾರೆ. ನಾನಿದ್ರೆ ಜಗಳ ಆಗದ ಹಾಗೆ ನೋಡ್ಕೋತೀನಿ ಅಂತ ನನಗೆ ಹೇಳಿದ್ದಾರೆ.

ಅಕ್ಕ, ಸೋಮವಾರ ಒಂದು ದಿನ ಭಾವನ್ನ ತೂಬಿನ ಹತ್ರ ಬಿಡಬೇಡ. ಪಾಂಡವಪುರಕ್ಕೋ ಎಲ್ಲಿಗೋ ಏನಾದ್ರೂ ನೆಪ ಹೇಳಿ ಕಳಿಸು. ಇವರು ಬಂದು ಎತ್ಕೊಂಡು ಹೋಗ್ಲಿ, ಸಾಹೇಬ್ರು ಏನಾದ್ರೂ ಮಾಡ್ಕೊಳ್ಳಲಿ. ನಾಳೆ ಬೆಳಗಿನ ಟಪಾಲಿಗೇ ಹಾಕ್ತೀನಿ.

ಪುಟ್ಟಿ


ಹೊಸಕಟ್ಟೆ
24 ಸೆಪ್ಟೆಂಬರ್ 1995

ಪುಟ್ಟಗೌರಮ್ಮನಿಗೆ,

ನಿನ್ನ ಹದಿನೈದನೇ ತಾರೀಕಿನ ಕಾಗದ ಮೊನ್ನೆ ಶುಕ್ರವಾರ ಬಂತು.

ಸೋಮವಾರವೇ ಅವರು ನನ್ನ ಬಿಟ್ಟು ಹೋದ್ರು. ಎರಡು ಮೈಲಿ ಕೆಳಗೆ ದೊಡ್ಡ ನಾಲೆಯ ಸೇತುವೆ ಕಂಬದ ಹತ್ರ ಸಿಕ್ಕಿದ್ರು. ಮಂಗಳವಾರ ಮಣ್ಣು ಮಾಡಿದ್ವಿ. ನೀನು ಬಂದೆ. ನನ್ನ ಕಾಲು ತಬ್ಬಿಕೊಂಡು ಅತ್ತೆ. ಗುರುವಾರ ಹಾಲು ತುಪ್ಪ ಬಿಡೋವರೆಗೂ ಜೊತೇಲೇ ಇದ್ದೆ, ನನಗೆ ಗಂಜಿ ಕುಡಿಸಿದೆ, ದಿವ್ಯನ ತಲೆ ಬಾಚಿದೆ. ನಿನ್ನ ಗಂಡ ಚಿಕ್ಕಯ್ಯ ಯಾಕೆ ಬರಲಿಲ್ಲ ಅಂದ್ರೆ ಜ್ವರ ಅಂದೆ. ನಾನು ನಂಬಿದೆ. ಅಷ್ಟೊಂದು ಜ್ವರವಾ, ಡಾಕ್ಟರಿಗೆ ತೋರಿಸಿದ್ಯಾ ಅಂತ ಬೇರೆ ಕೇಳಿದೆ.

ಕಾಲು ಜಾರಿ ನಾಲೆಗೆ ಬಿದ್ದ ಅಂತ ಪೊಲೀಸಿನೋರು ಬರ್ಕೊಂಡು ಹೋದ್ರು. ಹದಿನಾಲ್ಕು ವರ್ಷ ಆ ಕಟ್ಟೆ ಮೇಲೆ ಬರಿಗಾಲಲ್ಲಿ ನಿಂತೋರು ಹೇಗೆ ಜಾರಿದ್ರು ಅಂತ ನಾನೂ ಕೇಳಲಿಲ್ಲ. ಹಣೆ ಪಕ್ಕ ಏಟಿತ್ತು. ಕಲ್ಲು ಬಡಿದಿರುತ್ತೆ ಅಂದ್ರು.

ನೀನು ನನ್ನ ಪಕ್ಕ ಕೂತಿದ್ದ ಮೂರು ದಿನವೂ ಈ ಕಾಗದ ಯಾವುದೋ ಟಪಾಲು ಚೀಲದಲ್ಲಿತ್ತು. ಅದು ಬರುತ್ತೆ ಅಂತ ನಿನಗೆ ಗೊತ್ತಿತ್ತು. ಒಂದು ಮಾತು ಹೇಳಲಿಲ್ಲ.

ಒಂದೇ ಒಂದು ಕೇಳ್ತೀನಿ. ಚಿಕ್ಕಯ್ಯ ಅವತ್ತು ತೂಬಿನ ಹತ್ರ ಇದ್ನಾ?

ತಿಥಿಗೆ ನೀವು ಬರಬೇಡಿ.

ಬೈರಮ್ಮ


ಹುಣಸೇಕೊಪ್ಪಲು
2 ನವೆಂಬರ್ 1995

ಅಕ್ಕ,

ಐದು ವಾರ ಆಯ್ತು ನಿನ್ನ ಕಾಗದ ಬಂದು. ಎಷ್ಟೋ ಸಲ ಬರೆಯೋಕೆ ಕೂತೆ. ಗೊತ್ತಿಲ್ಲದ್ದನ್ನ ಏನಂತ ಬರೀಲಿ ಅಂತ ಎದ್ದೆ. ಅದೂ ಸುಳ್ಳೇ. ಗೊತ್ತಾಗೋದು ಬೇಡವಾಗಿತ್ತು.

ಆ ಸೋಮವಾರ ಮಧ್ಯಾಹ್ನ ಅವರು ಮನೆಗೆ ಬಂದಾಗ, ಕೃಷ್ಣರಾಜಪೇಟೆವರೆಗೆ ಹೋಗಿ ವಾಪಸ್ ಬಂದ್ವಿ, ತೂಬಿಗೆ ಹೋಗಲೇ ಇಲ್ಲ ಅಂದ್ರು. ಉಣ್ಣಲಿಲ್ಲ. ಸಂಜೆ ನಿಮ್ಮೂರಿಂದ ಸುದ್ದಿ ಬಂತು. ನಾನು ಕಿರುಚಿಕೊಂಡೆ. ಅವರು ಗೋಡೆಗೆ ಮುಖ ಮಾಡಿ ಕೂತ್ಬಿಟ್ರು. ನಾನು ಆ ಮುಖ ನೋಡಲಿಲ್ಲ ಅಕ್ಕ, ಬೇಕೂ ಅಂತಲೇ ನೋಡಲಿಲ್ಲ. ಸೀರೆ ಬದಲಾಯಿಸಿ ಬಸ್ಸಿಗೆ ಹೊರಟೆ.

ನಿನ್ನ ಕಾಗದ ಬಂದ ಮೇಲೆ ಅದನ್ನ ಅವರ ತಟ್ಟೆ ಪಕ್ಕ ಇಟ್ಟೆ. ಓದಿದ್ರು. ಮಡಿಸಿಟ್ಟು ಎದ್ದು ಹೋದ್ರು. ಒಂದು ತಿಂಗಳು ಮನೇಲಿ ಮಾತಿಲ್ಲ. ಮೊನ್ನೆ ಒಣಗಿದ ಒಟ್ಲು ಕಿತ್ತು ದನಕ್ಕೆ ಹಾಕ್ತಿದ್ವಿ. ಇದ್ದಕ್ಕಿದ್ದ ಹಾಗೆ ಬದು ಮೇಲೆ ಕುಕ್ಕರಿಸಿದ್ರು. ಅವರು ಹೇಳಿದ್ದು ಬರೀತೀನಿ.

"ಅಣ್ಣ ನಮ್ಮುನ್ನ ನೋಡಿ ನಗಾಡ್ದ ಕಣೆ. 'ಏನ್ಲಾ ಚಿಕ್ಕ, ಮನೆಗ್ ಬರದು ಬುಟ್ಟು ತೂಬುಗ್ ಬಂದಿದ್ದೀಯ' ಅಂದ. 'ನಾಳೆ ಬೆಳಗ್ಗೆ ಆರುಕ್ಕೆ ನಿಮ್ದೇ ಸರದಿ ಕಣ್ರಪ್ಪ. ಇವತ್ತೊಂದಿನ ತಡ್ಕಳಿ. ಈ ಸಲ ಯಾರೂ ಕದಿಯಕ್ ಬುಡಲ್ಲ, ನೀರಿನ್ ಜೊತೇಲಿ ನಾನೇ ಏರಿ ಮ್ಯಾಲೆ ನಡ್ಕಂಡು ನಿಮ್ಮೂರ್ಗಂಟ ಬತ್ತೀನಿ' ಅಂದ. ನಂಗೆ ಸಾಕು ಅನ್ನುಸ್ತು. ವಾಪಸ್ ಓಗನ ಅಂದೆ. ಮಿಕ್ಕೋರು ಕೇಳ್ನಿಲ್ಲ. ಬೀಗ ಒಡುದ್ರು, ಹ್ಯಾಂಡಲ್ಲು ತಿರುಗ್ಸಕ್ಕೆ ಶುರು ಮಾಡುದ್ರು. ಅಣ್ಣ ಬಂದು ಹ್ಯಾಂಡಲ್ಲು ಇಡ್ಕಂಡ. ನಾನು ಅಣ್ಣನ್ನ ಬುಡುಸ್ಕಳಕ್ಕೆ ಅಂತ ಅವ್ನ ತೋಳು ಇಡುದೆ. ಗೇಟು ಅರ್ಧ ಮೇಲೆದ್ದಿತ್ತು, ಚಕ್ರ ಉಲ್ಟಾ ತಿರುಗ್ದಂಗೆ ತಡಿಯೋ ಕೊಂಡಿ ಆಕಿರ್ಲಿಲ್ಲ. ಯಾರ ಕೈ ಜಾರ್ತೋ. ಗೇಟು ದಡಾರ್ ಅಂತ ಬಿತ್ತು, ಹ್ಯಾಂಡಲ್ಲು ಗಿರ್ರಂತ ಉಲ್ಟಾ ತಿರುಗಿ ಅಣ್ಣನ ತಲೆಗೆ ಒಡೀತು. ನನ್ನ ಕೈಲಿದ್ದ ತೋಳು ಆಗ್ಲೇ ನೀರಲ್ಲಿತ್ತು."

ಆಮೇಲೆ ಅಂದೆ. ಆಮೇಲೆ ಓಡ್ದೆ ಅಂದ್ರು.

ಓಡಿದ್ರು ಅಕ್ಕ. ಹೊಡೀಲಿಲ್ಲ. ಆದ್ರೆ ಓಡಿದ್ರು. ಐದು ವರ್ಷದ ಮಗುವಾಗಿದ್ದಾಗಿಂದ ಕೆರೇಲಿ ಈಜಿದೋರು, ನೀರಿಗೆ ಇಳೀಲಿಲ್ಲ.

ಈ ಕಾಗದ ನನ್ನ ಕೈಯಾರೆ ಬರೆದಿದ್ದೀನಿ. ನನ್ನ ಹೆಸರು ಹಾಕಿದ್ದೀನಿ. ಸ್ಟೇಷನ್ನಿಗೆ ಕೊಡೋದಾದ್ರೆ ಕೊಡು. ನನ್ನನ್ನ ಕೇಳಬೇಡ.

ಪುಟ್ಟಗೌರಮ್ಮ


ಹೊಸಕಟ್ಟೆ
18 ಜನವರಿ 1996

ಪುಟ್ಟಗೌರಮ್ಮ,

ನಿನ್ನ ಕಾಗದ ಎತ್ಕೊಂಡು ಸ್ಟೇಷನ್ನಿಗೆ ಹೋಗಿದ್ದೆ. ಎರಡು ಸಲ. ಎರಡನೇ ಸಲ ಬೆಂಚಿನ ಮೇಲೆ ಕೂತಿದ್ದೆ. ದೂರು ಬರ್ಕೊಳ್ಳೋ ಪೊಲೀಸಿನೋನು ತಲೆ ಎತ್ತಿ "ಏನಮ್ಮ?" ಅಂದ. ನೀರು ಕುಡಿಯೋಕೆ ಬಂದೆ ಅಂದೆ. ಕುಡಿದು ಎದ್ದು ಬಂದೆ.

ನಿನ್ನ ಗಂಡ ಜೈಲಿಗೆ ಹೋಗ್ತಾನೆ ಅಂತ ಹೆದರಿ ಅಲ್ಲ. ತಂಗಿ ಬರೆದ ಕಾಗದ ಅಕ್ಕ ತಂದು ಕೊಟ್ಲು ಅಂತ ಆಗೋದು ನನಗೆ ಬೇಡ. ಹೇಳಬೇಕಾದೋನು ಅವನು. ಅವನ ಕಾಲಿಗೆ ಓಡೋಕೆ ಬರುತ್ತೆ ಅಂದ್ರೆ ನಡೆಯೋಕೂ ಬರುತ್ತೆ. ಕಾಗದ ಹರಿದಿಲ್ಲ, ಟ್ರಂಕಿನಲ್ಲಿದೆ. ಅವನಿಗೆ ಇಷ್ಟು ಓದಿ ಹೇಳು.

ಅವರ ಜಾಗಕ್ಕೆ ನನ್ನನ್ನೇ ದಿನಗೂಲಿ ಮೇಲೆ ಹಾಕ್ಕೊಂಡಿದ್ದಾರೆ. ಹೆಂಗಸು ತೂಬು ಎತ್ತುತಾಳಾ ಅಂತ ಊರಿನೋರು ನಗಾಡಿದ್ರು. ಸಾಹೇಬ್ರು, ಗಂಡನ ಜೊತೆ ಎಷ್ಟೋ ಸಲ ಇವಳೇ ಗ್ರೀಸು ಹಾಕಿರೋದು ನಾನು ನೋಡಿದ್ದೀನಿ ಅಂದ್ರು. ಈಗ ನಾಲೆ ನಿಂತಿದೆ. ಹೂಳು ತೆಗೆಯೋದು, ಗೇಟಿಗೆ ಬಣ್ಣ ಬಳಿಯೋದು, ಇಷ್ಟೇ ಕೆಲಸ.

ಮೊದಲನೇ ದಿನ ಆ ಹ್ಯಾಂಡಲ್ಲು ಮುಟ್ಟೋಕೆ ಆಗಲಿಲ್ಲ. ಕಟ್ಟೆ ಮೇಲೆ ಸುಮ್ಮನೆ ನಿಂತಿದ್ದೆ. ತೂಬಿನ ಹತ್ರ ಟೀ ಅಂಗಡಿ ಇಟ್ಟಿದ್ದಾಳಲ್ಲ ಬಿಸ್ಮಿಲ್ಲಾ ಬೀ, ಅವಳು ಬಂದು ನನ್ನ ಕೈ ಹಿಡಿದು ಹ್ಯಾಂಡಲ್ಲಿನ ಮೇಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಲು. ಇಬ್ಬರೂ ತಿರುಗಿಸಿದ್ವಿ. ಆಮೇಲೆ ಹೇಳಿದ್ಲು. "ನಾನು ನೋಡಿದ್ದೆ ಬೈರಕ್ಕ. ಪೊಲೀಸ್ನೋರು ನನ್ನ ಕೇಳ್ಲಿಲ್ಲ, ನಾನೂ ಹೆದರಿ ಸುಮ್ಕೆ ಆದೆ. ಆರು ಜನ ಓಡುದ್ರು. ಒಬ್ಬ ಎರಡ್ ಸಲ ನಿಂತು ತಿರುಗಿ ನೋಡ್ದ. ಯಾ ಅಲ್ಲಾ, ಇವ್ನು ವಾಪಸ್ ಬರ್ತಾನೆ ಅಂತ ನಾನು ಕಾಯ್ತಾ ನಿಂತೆ. ಅವ್ನೂ ಓಡ್ಬಿಟ್ಟ."

ನಾಳೆ ಬೆಳಗ್ಗೆ ಆರಕ್ಕೆ ನಿಮ್ಮ ಸರದಿ ಅಂದ್ರಂತಲ್ಲ. ಆ ಮಂಗಳವಾರ ಆರು ಗಂಟೆಗೆ ಇಲ್ಲಿ ತೂಬು ಎತ್ತೋರೇ ಇರಲಿಲ್ಲ. ಪೋಸ್ಟ್‌ಮಾರ್ಟಮ್ ಮುಗಿದು ಅವರು ಆಸ್ಪತ್ರೆಯಿಂದ ಇನ್ನೂ ಮನೆಗೆ ಬಂದಿರಲಿಲ್ಲ. ನಾನು ಬಾಗಿಲಲ್ಲಿ ಕೂತಿದ್ದೆ.

ಬೈರಮ್ಮ


ಹುಣಸೇಕೊಪ್ಪಲು
2 ಆಗಸ್ಟ್ 1996

ಅಕ್ಕನಿಗೆ,

ನೀನು ಕೇಳಿಲ್ಲ, ಆದ್ರೂ ಬರೀತಿದ್ದೀನಿ.

ಫೆಬ್ರವರೀಲಿ ಅವರು ಸ್ಟೇಷನ್ನಿಗೆ ಹೋಗಿ ಹೇಳಿದ್ದು ನಿನಗೆ ಪೊಲೀಸಿನೋರಿಂದಲೇ ಗೊತ್ತಾಗಿರುತ್ತೆ. ನಿನ್ನ ಕಾಗದ ಓದಿ ಹೇಳಿದ ಮೇಲೆ ಹದಿನೈದು ದಿನ ಹಿಂದೆ ಮುಂದೆ ನೋಡಿದ್ರು. ಒಂದು ದಿನ ಸ್ನಾನ ಮಾಡಿ ಶರಟು ಹಾಕ್ಕೊಂಡು, ಬರ್ತೀನಿ ಅಂತ ಅವ್ವನಿಗೆ ಹೇಳಿ ಹೊರಟ್ರು. ನನ್ನ ಕಡೆ ನೋಡಲಿಲ್ಲ. ಆರು ಜನದ ಮೇಲೂ ಕೇಸಾಗಿದೆ. ಈಗ ಜಾಮೀನಿನ ಮೇಲೆ ಮನೇಲಿದ್ದಾರೆ. ಕೋರ್ಟಿಗೆ ಓಡಾಡ್ತಿದ್ದಾರೆ.

ಅವತ್ತಿಂದ ಊರು ನಮ್ಮನ್ನ ಮಾತಾಡ್ಸಲ್ಲ. ಕಾಲು ಜಾರಿ ಬಿದ್ದ ಅಂತ ಮುಗಿದುಹೋಗಿತ್ತು, ಇವನೇ ಹೋಗಿ ಐದು ಮನೆ ಹಾಳು ಮಾಡಿದ ಅಂತಾರೆ. ಬೋರ್‌ವೆಲ್ ಹತ್ರ ನಾನು ಹೋದ್ರೆ ಹೆಂಗಸರು ಕೊಡ ಎತ್ಕೊಂಡು ಹೊರಟು ಹೋಗ್ತಾರೆ. ನಮ್ಮತ್ತೆ ಮಾತ್ರ ಯಾಕೋ ನನಗೆ ಏನೂ ಅನ್ನಲ್ಲ. ಮಗ ಸ್ಟೇಷನ್ನಿಂದ ಬಂದ ದಿನ ಅವನಿಗೆ ಕಾಲು ತೊಳೆಯೋಕೆ ನೀರು ಕೊಟ್ಟು, "ಈಗ ಉಣ್ಣು" ಅಂದ್ರು.

ನಿನ್ನೆ ನೀರು ಬಂತು ಅಕ್ಕ. ಪಾದ ಮುಳುಗೋವಷ್ಟಲ್ಲ, ನಾಲೆ ತುಂಬ. ಈ ಮನೆಗೆ ನಾನು ಬಂದು ಹನ್ನೆರಡು ವರ್ಷ ಆಯ್ತು, ಇಷ್ಟು ನೀರು ಈ ಕೊನೇ ತೂಬಿಗೆ ಬಂದದ್ದು ನೋಡಿಲ್ಲ. ಹನ್ನೊಂದು ಊರೋರ ಹತ್ರ ನೀನು ಏನು ಜಗಳ ಆಡಿದ್ಯೋ. ಜನ ಕೇಕೆ ಹಾಕಿದ್ರು. ಆಮೇಲೆ ಎತ್ತಿದ್ದು ಯಾರು ಅಂತ ನೆನಪಾಗಿ ಒಬ್ಬೊಬ್ಬರೇ ಸುಮ್ಮನಾದ್ರು. ಆ ಆರು ಜನರಲ್ಲಿ ಒಬ್ಬ ಬದು ಮೇಲೆ ಕೂತು ಅತ್ತ. ನಮ್ಮ ಗದ್ದೆಗೂ ತುಂಬಿದೆ. ನಮ್ಮೋರು ಗದ್ದೆಗೆ ಇಳೀಲಿಲ್ಲ. ಗದ್ದೆ ಅಂಚಿನ ತೆವರಿ ಮೇಲೆ ನಿಂತು ನೋಡಿದ್ರು, ಮನೆಗೆ ಬಂದ್ರು. ನಾನೇ ಬದು ಕಟ್ಟಿದೆ.

ಆದ್ರೆ ನಾಟಿಗೆ ಯಾರೂ ಬರಲ್ಲ. ನಾನು ಎಲ್ಲರ ಗದ್ದೇಲೂ ಬಗ್ಗಿದೋಳು, ಈಗ ಕರೆಯೋಕೆ ಹೋದ್ರೆ ಬಾಗಿಲು ಹಾಕ್ಕೋತಾರೆ. ಒಟ್ಲಿಗೆ ಇಪ್ಪತ್ನಾಲ್ಕು ದಿನ ತುಂಬ್ತು. ಒಂದು ಎಕರೆ ನಾನೊಬ್ಬಳೇ ಬಗ್ಗಿ ಮುಗಿಸೋ ಹೊತ್ತಿಗೆ ಪೈರು ಬಲಿತು ಹೋಗುತ್ತೆ. ಹೋಗ್ಲಿ. ಇದನ್ನ ನಿನಗೆ ಹೇಳಬಾರದಾಗಿತ್ತು. ನೀರು ಬಂತು ಅಂತ ಹೇಳೋಕೆ ಬರೆದೆ.

ಪುಟ್ಟಗೌರಿ


ಹೊಸಕಟ್ಟೆ
7 ಆಗಸ್ಟ್ 1996

ಪುಟ್ಟಿ,

ನೀರು ನಿನಗೆ ಅಂತ ಬಿಟ್ಟಿದ್ದಲ್ಲ. ಚೀಟೀಲಿ ನಿಮ್ಮೂರಿನ ಸರದಿ ಇತ್ತು, ಎತ್ತಿದೆ. ಇನ್ನು ಮೇಲೂ ಹಾಗೇ.

ಚಿಕ್ಕಯ್ಯ ಹೇಳಿದ್ದು ನನಗೆ ಪೊಲೀಸಿನೋರು ಓದಿ ಹೇಳಿದ್ರು. ಕೇಳಿಸಿಕೊಂಡೆ. ಮನಸಿಗೆ ಹಗುರ ಆಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ. ಮನೆಗೆ ಬಂದು ಅಡಿಗೆ ಮಾಡಿದೆ, ಮೂರು ಜನಕ್ಕೆ ಆಗೋವಷ್ಟು ಹಿಟ್ಟು ಹಾಕಿದ್ದೆ. ದಿವ್ಯ ಒಂದು ಮುದ್ದೆ ತೆಗೆದು ಹಸುಗೆ ಕೊಟ್ಲು.

ಭಾನುವಾರ ನನಗೆ ರಜ. ಬೆಳಗಿನ ಮೊದಲನೇ ಬಸ್ಸಿಗೆ ನಾಲ್ಕು ಜನ ಬರ್ತೀವಿ. ನಾನು, ದಿವ್ಯ, ಬಿಸ್ಮಿಲ್ಲಾ ಬೀ, ಅವಳ ಮಗಳು ಮಹೇಕ್. ಅವರಿಬ್ಬರೂ ಗದ್ದೆ ಕೆಸರಿಗೆ ಕಾಲಿಟ್ಟೋರಲ್ಲ. "ತೋರಿಸಿಕೊಡು, ನೆಡ್ತೀವಿ" ಅಂತಾಳೆ. ನಿನ್ನನ್ನೂ ಸೇರಿಸಿ ಐದು ಜನ ಆಯ್ತು. ಒಂದು ದಿನಕ್ಕೆ ಮುಗಿಯಲ್ಲ. ಸೋಮವಾರಕ್ಕೂ ರಜ ಕೇಳಿದ್ದೀನಿ, ಸಾಹೇಬ್ರು ಕೊಟ್ಟಿದ್ದಾರೆ.

ಚಿಕ್ಕಯ್ಯ ಪೈರು ಕಿತ್ತು ಕಂತೆ ಕಟ್ಟಿ ಗದ್ದೆಗೆ ಹಾಕಲಿ. ಅಷ್ಟು ಕೆಲಸ ಅವನದು. ನನ್ನೆದುರಿಗೆ ಬರಬೇಡ ಅಂತ ನಾನು ಹೇಳಲ್ಲ. ಮಾತಾಡಿಸಬೇಡ ಅಂತ ಮಾತ್ರ ಹೇಳು. ಕೈ ಮುಗಿಯೋದು, ಕಾಲಿಗೆ ಬೀಳೋದು ಏನೂ ಬೇಡ. ನಾನು ನೋಡಲಾರೆ.

ನಿಮ್ಮ ಮನೇಲಿ ಉಣ್ಣಲ್ಲ. ಬುತ್ತಿ ತರ್ತೀವಿ. ರಾತ್ರಿ ಕೃಷ್ಣರಾಜಪೇಟೆಯ ನಮ್ಮ ಸೋದರತ್ತೆ ಮನೆಗೆ ಹೋಗಿ ಮಲಗಿ ಬೆಳಗ್ಗೆ ಬರ್ತೀವಿ. ನಿಮ್ಮತ್ತೆಗೆ ಹೇಳಿ ಒಪ್ಪಿಸು, ಬೇಜಾರು ಮಾಡ್ಕೋಬೇಡ. ಈ ವರ್ಷಕ್ಕೆ ನನ್ನ ಕೈಲಿ ಆಗೋದು ಇಷ್ಟೇ ಕಣಮ್ಮಿ. ಮುಂದಿನ ವರ್ಷದ್ದು ನನಗೇ ಗೊತ್ತಿಲ್ಲ.

ಗದ್ದೇಲಿ ಸಾಲು ಹಿಡಿಯುವಾಗ ನೀನು ನನ್ನ ಪಕ್ಕಕ್ಕೇ ನಿಂತ್ಕೋ.

ನಿನ್ನ ಅಕ್ಕ,
ಬೈರಮ್ಮ